ಗುಂಡಿಕಲ್ಲಿನ ಮೇಲಿನ ಸೊಪ್ಪು

ಇವತ್ತು ಭಾನುವಾರ. ಬೆಳಿಗ್ಗೆಯಿಂದ ಊರ ಹಿಂದಿನ ಗುಡ್ಡದ ಮೇಲೆ ಕಳೆ ಕೊಚ್ಚುವ ಮಿಷನ್ ಗುಂಯ್ ಅನ್ನುತ್ತಲೇ ಇದೆ. ಗಾಳಿ ಈ ಕಡೆ ತಿರುಗಿದಾಗಲೆಲ್ಲ ಪೆಟ್ರೋಲಿನ ಹೊಗೆಯೂ ಕೊಚ್ಚಿದ ಜರಿಗಿಡದ ಹಸಿ ವಾಸನೆಯೂ ಒಟ್ಟಿಗೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತವೆ. ಬೇರೆ ಯಾರದೋ ತೋಟದಲ್ಲಿ ಇದೇ ಮಿಷನ್ ಓಡಿದರೆ ನನಗೇನೂ ಆಗುವುದಿಲ್ಲ. ಕೊಡಗಿನಲ್ಲಿ ಕಾಫಿ ತೋಟದ ಪಕ್ಕ ಬದುಕುವವರು ಈ ಸದ್ದಿಗೆ ಸಿಟ್ಟಾದರೆ ವರ್ಷವಿಡೀ ಸಿಟ್ಟಾಗಿಯೇ ಇರಬೇಕಾಗುತ್ತದೆ. ಆದರೆ ಈ ಗುಡ್ಡದಿಂದ ಬಂತೋ, ನನ್ನ ಪಿತ್ತ ನೆತ್ತಿಗೇರುತ್ತದೆ. ದೋಸೆ ಹೊಯ್ಯುತ್ತಿದ್ದವಳು ಸೌಟನ್ನು ಹಿಟ್ಟಿನ ಪಾತ್ರೆಗೆ ಎಸೆದೆ. ಹಿಟ್ಟು ಗೋಡೆಗೆ ಹಾರಿತು. ಒರೆಸಬೇಕಾದವಳೂ ನಾನೇ, ಅದು ಬೇರೆ ಮಾತು.

ಗುಡ್ಡದ ಮೇಲೆ ಯಾರೋ ಕಳೆ ಕೊಚ್ಚಿದರೆ ರಿಟೈರಾದ ಕನ್ನಡ ಟೀಚರಿಗೆ ಯಾಕಪ್ಪಾ ಇಷ್ಟು ಉರಿ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ಕೂತುಕೊಳ್ಳಿ, ಹೇಳುತ್ತೇನೆ. ಹೇಳುವಾಗ ನಡುವೆ ದನಿ ಏರಿದರೆ ನಿಮ್ಮ ಮೇಲೆ ಅಂತ ತಿಳಿಯಬೇಡಿ. ಹಿಂದಿನ ಬೆಂಚಿಗೂ ಕೇಳಿಸಲಿ ಎಂದು ಕೂಗಿ ಕೂಗಿ ಬಂದ ಅಭ್ಯಾಸ. ಈಗ ಬೆಕ್ಕಿಗೆ ಹಾಲು ಹಾಕುವಾಗಲೂ ಅದೇ ದನಿ. ಪಾಪದ ಬೆಕ್ಕು, ಹಾಲು ಬಿಟ್ಟು ಓಡುತ್ತದೆ.

ಶ್ರೀಮಂಗಲ ದಾಟಿ ಒಳಗೆ ಬಂದರೆ ನಮ್ಮ ಊರು. ಊರಿನ ಬೆನ್ನಿಗೆ ಈ ಮೊಟ್ಟೆ. ಮೊಟ್ಟೆ ಅಂದರೆ ನಮ್ಮ ಕಡೆ ಗುಡ್ಡ. ಇದರ ಹೆಸರು ಕಾಗೆಬಂಗಾರದ ಮೊಟ್ಟೆ. ಕಾಗೆಬಂಗಾರ ನೋಡಿದ್ದೀರಲ್ಲ? ಉಗುರು ಹಾಕಿದರೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ, ಬಿಸಿಲಿಗೆ ಹಿಡಿದರೆ ಮಿರಿಮಿರಿ ಅನ್ನುತ್ತದೆ, ಅದರಲ್ಲಿ ಬಂಗಾರ ಮಾತ್ರ ಒಂದು ಗುಂಜಿಯೂ ಇಲ್ಲ. ದೊರೆಗಳ ಕಾಲದಲ್ಲಿ ಯಾವನೋ ಒಬ್ಬ ಬಿಳಿಯ ಅದಕ್ಕಾಗಿ ಈ ಗುಡ್ಡವನ್ನು ತೋಡಿಸಿದನಂತೆ. ಎಲ್ಲೆಲ್ಲಿಂದಲೋ ಆಳು ತಂದ, ಗುಂಡಿ ತೋಡಿಸಿದ, ಗುಂಡಿಯಿಂದ ಗುಂಡಿಗೆ ಒಳಗೊಳಗೇ ಸುರಂಗ ಕೊರೆಸಿದ, ಹೊರೆ ಇಳಿಸಲು ದಾರಿ ಕಡಿಸಿದ. ಆಮೇಲೆ ಕಲ್ಲು ಮುಗಿಯಿತೋ ಲಾಭ ಮುಗಿಯಿತೋ, ಒಂದು ದಿನ ಎದ್ದು ಹೋದ. ತೋಡಿದ್ದನ್ನು ಮುಚ್ಚಿ ಹೋಗಬೇಕು ಎನ್ನುವ ಮರ್ಯಾದೆ ಅವನಿಗಿರಲಿಲ್ಲ. ಆಮೇಲೆ ಬಂದ ನಮ್ಮವರಿಗೂ ಇರಲಿಲ್ಲ ಬಿಡಿ. ಗುಂಡಿಗಳ ಬಾಯಿಗೆ ಜರಿಗಿಡ ಬೆಳೆಯಿತು, ಸುತ್ತ ಕಾಡು ಎದ್ದಿತು, ಸುರಂಗಗಳು ಮಣ್ಣಿನೊಳಗೆ ಹಾಗೇ ಟೊಳ್ಳಾಗಿ ಉಳಿದವು. ಪ್ರತಿ ಮಳೆಗಾಲದಲ್ಲಿ ಎಲ್ಲೋ ಒಂದು ಕಡೆ ನೆಲ ಕುಸಿಯುತ್ತದೆ. ಎಲ್ಲಿ ಎಂದು ಮೊದಲೇ ಹೇಳುವವರಿಲ್ಲ.

ಆದರೂ ಆ ದಾರಿಯನ್ನು ಊರಿನವರು ಬಿಡಲಿಲ್ಲ. ಬಿಡುವುದು ಹೇಗೆ? ಗುಡ್ಡದ ಆಚೆ ಇನ್ನೊಂದು ಊರು. ತಿಂಡಿ ತಿಂದು ಹೊರಟರೆ ಎರಡನೇ ಕಾಫಿಗೆ ಅಲ್ಲಿರಬಹುದು. ರಸ್ತೆಯಲ್ಲಿ ಹೋಗುತ್ತೇನೆಂದರೆ ಶ್ರೀಮಂಗಲಕ್ಕೆ ಬಂದು, ಬಸ್ಸು ಬದಲಿಸಿ, ಇಳಿದು, ಮತ್ತೆ ಏರಿ, ಅರ್ಧ ದಿನ ಮುಗಿದಿರುತ್ತದೆ. ನನಗೆ ಮೊದಲ ಪೋಸ್ಟಿಂಗ್ ಆಗಿದ್ದು ಆಚೆ ಊರಿನ ಶಾಲೆಗೆ, ಬಾಡಿಗೆ ಮನೆ ಸಿಕ್ಕಿದ್ದು ಈಚೆ ಊರಿನಲ್ಲಿ. ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದೆ. ನಡೆಯುವುದಕ್ಕೆ ಟ್ರೆಕ್ಕಿಂಗ್ ಎಂದು ಹೆಸರಿಡದ ಕಾಲ ಅದು. ಸೀರೆ ಎತ್ತಿ ಕಟ್ಟಿ, ಜಿಗಣೆಗೆಂದು ಸುಣ್ಣ ಸೇರಿಸಿದ ಹೊಗೆಸೊಪ್ಪು ಕಾಲಿಗೆ ತಿಕ್ಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಶಾಲೆ ಮುಟ್ಟುವ ಟೀಚರ ಫೋಟೋ ಯಾರೂ ತೆಗೆಯುತ್ತಿರಲಿಲ್ಲ.

ನಾನು ಹುಟ್ಟಿದ್ದು ಮಡಿಕೇರಿ ಕಡೆಯ ಒಂದು ದೇವಸ್ಥಾನದ ಊರಿನಲ್ಲಿ, ಅರ್ಚಕರ ಮನೆಯಲ್ಲಿ. ಕಲ್ಲು ಕಂಡರೆ ಕೈ ತಾನಾಗಿ ಮುಗಿಯುತ್ತದೆ. ಮೊಟ್ಟೆಯ ದಾರಿಯಲ್ಲಿ ಗುಂಡಿಗಳು ಇರುವ ಕಡೆಯಲ್ಲೆಲ್ಲ ಒಂದೊಂದು ದೊಡ್ಡ ಕಲ್ಲು, ಕಲ್ಲಿನ ಮೇಲೆ ಹಸಿ ಸೊಪ್ಪಿನ ಕೊಂಬೆ ಇಟ್ಟಿರುವುದನ್ನು ಮೊದಲ ದಿನವೇ ನೋಡಿದೆ. ವನದೇವತೆ, ಇನ್ನೇನು! ಮಾರನೇ ದಿನ ದಾಸವಾಳ, ಕುಂಕುಮದ ಭರಣಿ ಎಲ್ಲ ಚೀಲದಲ್ಲಿಟ್ಟುಕೊಂಡು ಹೋಗಿ, ಕಲ್ಲಿಗೆ ಬೊಟ್ಟಿಟ್ಟು, ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದೆ. ಹಿಂದಿನಿಂದ ದೊಡ್ಡದಾಗಿ ನಗು ಕೇಳಿಸಿತು.

ಬುಟ್ಟಿ ಹಿಡಿದು ನಿಂತವಳು ದೇಚಮ್ಮ. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಊರಿನಲ್ಲಿ ಸಣ್ಣ ಕಾಫಿ ತೋಟ, ಬಾಯಿ ಮಾತ್ರ ದೊಡ್ಡ ಎಸ್ಟೇಟಿನದು. ಅವತ್ತಿನಿಂದ ಇವತ್ತಿನವರೆಗೂ ನನಗೆ ಆಕೆ ದೇಚಕ್ಕ.

“ಎಂತ ಟೀಚರೇ ಇದು, ಕಲ್ಲಿಗೆ ಮದುವೆಯಾ?”

“ವನದೇವತೆ ಅಲ್ವಾ...” ಎಂದೆ.

“ಇಲ್ಲಿ ಎಂತ ದೇವತೆ! ಗುಂಡಿ ಉಂಟು ಇಲ್ಲಿ. ನಿಮ್ಮ ಕುಂಕುಮ ಉದುರಿದ್ರೆ ನೇರ ಅದರೊಳಗೇ.” ಆಮೇಲೆ ಪಕ್ಕದ ಪೊದೆಯಿಂದ ಒಂದು ಕೊಂಬೆ ಮುರಿದು ಪಾಠ ಶುರು ಮಾಡಿದಳು. “ನೋಡಿ ಟೀಚರೇ. ಸೊಪ್ಪು ದಾರಿಗೆ ಉದ್ದಕ್ಕೆ ಇಟ್ಟಿದ್ರೆ ಹೋಗ್ಬೋದು ಅಂತ. ಅಡ್ಡ ಇಟ್ಟಿದ್ರೆ ಮುಂದೆ ನೆಲ ಹೋಗಿದೆ, ಮೇಲಿನ ದಾರೀಲಿ ಸುತ್ತಿ ಹೋಗಿ ಅಂತ. ಒಣಗಿದ್ರೆ ಯಾರೂ ಬರ್ಲಿಲ್ಲ ಅಂತ, ಕೋಲು ಕುಟ್ಟಿ ನೋಡಿ ಕಾಲಿಡ್ಬೇಕು. ದಾಟಿದವರು ಆ ತುದಿಯ ಕಲ್ಲಿಗೆ ಹೊಸದು ಇಡ್ಬೇಕು. ಅಷ್ಟೇ. ಮಂತ್ರ ಗಿಂತ್ರ ಎಂತದೂ ಬೇಡ.”

ಅಷ್ಟೇ ಎಂದಳಲ್ಲ, ಅದು ಅಷ್ಟೇ ಆಗಿರಲಿಲ್ಲ. ಇಟ್ಟವರು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ತೋಟದ ಸಾಹುಕಾರ ಇಟ್ಟಿರಬಹುದು, ಕಾಫಿ ಪಿಕ್ಕಿಂಗಿಗೆ ಬಂದ ತಮಿಳು ಹೆಂಗಸು ಇಟ್ಟಿರಬಹುದು, ಮೀನು ಮಾರುವ ಮಲಯಾಳಿ ಕಾಕ ಇಟ್ಟಿರಬಹುದು. ಮನೆಯೊಳಗೆ ಒಬ್ಬೊಬ್ಬರದು ಒಂದೊಂದು ಭಾಷೆ, ಕಲ್ಲಿನ ಮೇಲೆ ಎಲ್ಲರದೂ ಒಂದೇ. ವರ್ಷಗಟ್ಟಲೆ ಆ ಸೊಪ್ಪನ್ನು ನಂಬಿ ನಾನು ನಡೆದೆ. ಮುಂಗಾರಿನ ಮಂಜಿನಲ್ಲಿ ನನ್ನ ಕಾಲು ನನಗೇ ಕಾಣದ ದಿನಗಳಲ್ಲೂ ನಡೆದೆ. ನನ್ನನ್ನು ಬದುಕಿಸಿದವರ ಮುಖವನ್ನು ನಾನು ನೋಡಿಯೇ ಇಲ್ಲ.

ಒಮ್ಮೆ ಮಾತ್ರ ಮೋಸ ಆಯಿತು. ನನ್ನ ಕ್ಲಾಸಿನ ಹುಡುಗರೇ, ಪರೀಕ್ಷೆಯ ದಿನ ಟೀಚರ್ ತಡವಾಗಿ ಬರಲಿ ಎಂದು ಕಲ್ಲಿನ ಮೇಲೆ ಸೊಪ್ಪನ್ನು ಅಡ್ಡ ಇಟ್ಟಿದ್ದರು. ನಾನು ಸುತ್ತಿ ಬಳಸಿ ಬೆವರಿಳಿಸಿಕೊಂಡು ಹೋಗಿ ನೋಡಿದರೆ ಎಲ್ಲರ ಮುಖದಲ್ಲೂ ಕಿಸಿಕಿಸಿ. ನನಗೆ ನಗು ಬಂತು, ನಿಜ ಹೇಳಬೇಕಲ್ಲ. ದೇಚಕ್ಕನಿಗೆ ಬರಲಿಲ್ಲ. ಭಾನುವಾರ ಆ ಹುಡುಗರನ್ನು ಸಾಲಾಗಿ ಗುಂಡಿಯ ಹತ್ತಿರ ಕರೆದುಕೊಂಡು ಹೋಗಿ, ದೂರ ನಿಲ್ಲಿಸಿ, ಒಂದು ಕಲ್ಲು ಎಸೆದು, “ಕೇಳಿ” ಎಂದಳು. ಕಲ್ಲು ತಳ ಮುಟ್ಟಿದ ಸದ್ದು ಬರಲು ಬಹಳ ಹೊತ್ತಾಯಿತಂತೆ. “ಬಾಯಲ್ಲಿ ಸುಳ್ಳು ಹೇಳಿ, ಪರವಾಗಿಲ್ಲ. ನಾನೂ ಹೇಳ್ತೇನೆ. ಸೊಪ್ಪಲ್ಲಿ ಹೇಳ್ಬೇಡಿ” ಎಂದಳಂತೆ. ಆ ಹುಡುಗರಿಗೆ ಈಗ ಮೊಮ್ಮಕ್ಕಳಾಗುವ ವಯಸ್ಸು, ಇನ್ನೂ ನೆನಪಿಟ್ಟುಕೊಂಡಿದ್ದಾರೆ.

ದೇಚಕ್ಕ ಪ್ರತಿ ಭಾನುವಾರ ಗುಡ್ಡ ದಾಟುತ್ತಿದ್ದದ್ದು ತಂಗಿಗಾಗಿ. ತಂಗಿ ಬೊಳ್ಳಮ್ಮನನ್ನು ಆಚೆ ಊರಿಗೆ ಕೊಟ್ಟಿತ್ತು. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರದಲ್ಲಿ ಬೊಳ್ಳಮ್ಮನ ಕಿವಿ ಹೋಯಿತು. ಮಾತು ಇದೆ, ಕೇಳುವುದಿಲ್ಲ. ಹಾಗಾಗಿ ಫೋನು ಬಂದರೂ ಈ ಅಕ್ಕತಂಗಿಗೆ ಅದರಿಂದ ಉಪಯೋಗವಿಲ್ಲ. ಬೊಳ್ಳಮ್ಮ ಭಾನುವಾರ ಬೆಳಿಗ್ಗೆ ತನ್ನ ಮನೆಯ ಮೇಲಿರುವ ಕೊನೆಯ ಕಲ್ಲಿನವರೆಗೆ ಬಂದು ನೋಡುತ್ತಾಳೆ. ಹೊಸ ಸೊಪ್ಪು ಉದ್ದಕ್ಕೆ ಇದ್ದರೆ ದಾರಿ ಸರಿಯಿದೆ, ಅಕ್ಕ ಬರುತ್ತಾಳೆ. ಮನೆಗೆ ಹೋಗಿ ಅನ್ನಕ್ಕೆ ಇಡುತ್ತಾಳೆ. ಅಕ್ಕ ಹೋಗಿ ತಂಗಿಯ ತಲೆಗೆ ಎಣ್ಣೆ ಹಾಕಿ ಬಾಚುತ್ತಾಳೆ. ತಂಗಿ ಊರಿನ ಮೇಲಿನ ಸಿಟ್ಟೆಲ್ಲ ಹೇಳಿ ಮುಗಿಸುತ್ತಾಳೆ, ಅಕ್ಕ ಕೈಸನ್ನೆಯಲ್ಲಿ ಬೈಯುತ್ತಾಳೆ. ಒಂದೆರಡು ಸಲ ನಾನೂ ಜೊತೆಗೆ ಹೋಗಿ ನೋಡಿದ್ದೇನೆ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡರು, ಮಕ್ಕಳನ್ನು ದಡ ಮುಟ್ಟಿಸಿದರು, ಭಾನುವಾರ ಮಾತ್ರ ಬಿಡಲಿಲ್ಲ.

ಇನ್ನು ರಿಸಾರ್ಟಿನ ವಿಷಯಕ್ಕೆ ಬರುತ್ತೇನೆ. ಇಲ್ಲಿಂದ ಮುಂದೆ ನನ್ನ ದನಿ ಏರುತ್ತದೆ, ಮೊದಲೇ ಹೇಳಿದ್ದೇನೆ.

ಮೊಟ್ಟೆಯ ಬುಡದಲ್ಲಿದ್ದ ಹಳೇ ಏಲಕ್ಕಿ ತೋಟವನ್ನು ಯಾರೋ ಹೊರಗಿನವರು ಕೊಂಡು ರಿಸಾರ್ಟ್ ಮಾಡಿದರು. ಮಾಡಲಿ. ನಾಲ್ಕು ಜನರಿಗೆ ಕೆಲಸ ಸಿಗುತ್ತದೆ ಎಂದು ನಾನೇ ಊರಿನವರ ಹತ್ತಿರ ವಾದ ಮಾಡಿದ್ದೆ. ಮೇಲೆ ಕಾಟೇಜು ಕಟ್ಟಿದರು, ಕಾಟೇಜಿಗೆ ಸೋಲಾರ್ ಬೇಲಿ ಹಾಕಿದರು, ಸುತ್ತಿ ಹೋಗುವ ಮೇಲಿನ ದಾರಿ ಬೇಲಿಯ ಒಳಗೆ ಹೋಯಿತು. ಆಮೇಲೆ ಗುಂಡಿಗಳ ದಾರಿಗೆ ‘ಮೈಕಾ ಹೆರಿಟೇಜ್ ಟ್ರೇಲ್’ ಎಂದು ಬೋರ್ಡು ಬಂತು. ಬುಡದಲ್ಲಿ ಗೇಟು ಬಂತು. ಅಲ್ಲ ಸ್ವಾಮಿ, ಗುಂಡಿ ತೋಡಿ ಮುಚ್ಚದೆ ಓಡಿಹೋದವನ ಗುಂಡಿಗಳು ಹೆರಿಟೇಜು! ಆ ಗುಂಡಿಗಳಿಗೆ ಬೀಳದ ಹಾಗೆ ನಡೆದುಕೊಂಡು ಬಂದವರು ಟ್ರೆಸ್‌ಪಾಸರ್ಸು!

ಗೇಟು ಬಂದ ಮೇಲೆ ಊರಿನವರು ಒಬ್ಬೊಬ್ಬರಾಗಿ ದಾರಿ ಬಿಟ್ಟರು. ಹುಡುಗರ ಹತ್ತಿರ ಬೈಕಿದೆ, ಉಳ್ಳವರ ಹತ್ತಿರ ಜೀಪಿದೆ. ಗೇಟಿನವನ ಜೊತೆ ದಿನಾ ಯಾರು ಜಗಳ ಆಡುತ್ತಾರೆ? ದೇಚಕ್ಕ ಆಡುತ್ತಿದ್ದಳು. ಅಪರೂಪಕ್ಕೆ ನಾನು. ಮಂಡಿ ನೋವಿನಿಂದ ನಾನು ಪೂರ್ತಿ ದಾಟುವುದನ್ನು ಬಿಟ್ಟಿದ್ದೆ, ಅರ್ಧ ದಾರಿ ಹೋಗಿ ಗಾಳಿ ಕುಡಿದು ಬರುತ್ತಿದ್ದೆ.

ಕಳೆದ ವರ್ಷ ಮಳೆ ಬಿಟ್ಟ ಮೇಲೆ, ಒಂದು ಶನಿವಾರ ಸಂಜೆ ಹಾಗೇ ಹೋದೆ. ನಡುವಿನ ಕಲ್ಲಿನ ಆಚೆ ದಾರಿಯಲ್ಲೇ ನೆಲ ಬಿರಿದಿತ್ತು. ಕೋಲು ಕುಟ್ಟಿದರೆ ಒಳಗೆ ಟೊಳ್ಳು ಸದ್ದು. ಮಾರನೇ ದಿನ ಭಾನುವಾರ, ದೇಚಕ್ಕ ಬರುವ ದಿನ. ತೋಳುದ್ದದ ಎರಡು ಕೊಂಬೆ ಮುರಿದು ಕಲ್ಲಿನ ಮೇಲೆ ಅಡ್ಡ ಇಟ್ಟು, ಗಾಳಿಗೆ ಹಾರದಿರಲೆಂದು ಮೇಲೊಂದು ಕಲ್ಲು ಹೇರಿ ಬಂದೆ. ಇಳಿಯುವಾಗ ಗೇಟಿನವನಿಗೂ ಹೇಳಿದೆ. ಅವನು ತಲೆಯಾಡಿಸಿದ. ರಾತ್ರಿ ಕರೆಂಟಿರಲಿಲ್ಲ, ದೇಚಕ್ಕನ ಮನೆಗೆ ಹೋಗಿ ಹೇಳಲಿಲ್ಲ. ಹೇಳುವ ಅಗತ್ಯ ಇದೆ ಅಂತಲೇ ಅನ್ನಿಸಲಿಲ್ಲ. ಸೊಪ್ಪು ಅಡ್ಡ ಇಟ್ಟ ಮೇಲೆ ಮನೆಮನೆಗೆ ಹೋಗಿ ಡಂಗುರ ಸಾರುವ ಪದ್ಧತಿ ನಮ್ಮಲ್ಲಿ ಯಾವತ್ತೂ ಇರಲಿಲ್ಲ.

ಬೆಳಗಾಗುವಷ್ಟರಲ್ಲಿ ರಿಸಾರ್ಟಿನವರು ದಾರಿ ಗುಡಿಸಿಬಿಟ್ಟಿದ್ದರು. ಗೆಸ್ಟುಗಳು ಬರುವ ದಿನ, ದಾರಿ ನೀಟಾಗಿರಬೇಕು ಎಂದು ಮೇಲಿನವರ ಆರ್ಡರು. ಕಳೆ ಕೊಚ್ಚಿ, ಎಲೆ ಬಾಚಿ, ಕಲ್ಲುಗಳ ಮೇಲಿದ್ದ ‘ಕಸ’ವನ್ನೆಲ್ಲ ಗುಡಿಸಿ ಗುಂಡಿಗೆ ಹಾಕಿದ್ದರು. ದೇಚಕ್ಕ ಬಂದಳು, ನಡುವಿನ ಕಲ್ಲು ನೋಡಿದಳು. ಅಡ್ಡ ಸೊಪ್ಪಿಲ್ಲ. ನೆಲ ನೋಡಿದರೆ ಈಗಷ್ಟೇ ಯಾರೋ ಓಡಾಡಿದ ಗುರುತು. ನಡೆದಳು. ನೆಲ ಬಾಯಿ ತೆರೆಯಿತು.

ಹೊರಗಿನವರು ಯಾರೇ ಆಗಿದ್ದರೂ ಆ ಬಿರುಕನ್ನು ನೋಡಿ ಹೆದರಿ ನಿಲ್ಲುತ್ತಿದ್ದರೇನೋ. ದೇಚಕ್ಕ ಬಿದ್ದದ್ದು ಆಕೆಗೆ ದಾರಿ ಗೊತ್ತಿದ್ದರಿಂದ, ನೆಲ ಹೋಗಿದ್ದರೆ ಯಾರಾದರೂ ಸೊಪ್ಪು ಅಡ್ಡ ಇಟ್ಟೇ ಇರುತ್ತಾರೆ ಎಂದು ನಂಬಿದ್ದರಿಂದ.

ಆಳುದ್ದ ಕೆಳಗೆ ಬಿದ್ದು, ತೊಡೆ ಮುರಿದುಕೊಂಡು, ದೇಚಕ್ಕ ಅಳಲಿಲ್ಲ. ಕೊಡವ ತಕ್ಕ್, ಕನ್ನಡ, ಮಲಯಾಳ, ಗೊತ್ತಿದ್ದ ಅಷ್ಟೂ ಭಾಷೆಯಲ್ಲಿ ಬೈದಳು. ಕೆಳಗೆ ತಿಂಡಿ ತಿನ್ನುತ್ತಿದ್ದ ಗೆಸ್ಟುಗಳು ಕಾಡುಪ್ರಾಣಿ ಎಂದುಕೊಂಡು ಒಳಗೆ ಓಡಿದರಂತೆ. ಪಕ್ಕದ ತೋಟದ ಲೈನುಮನೆಯ ಕೆಲಸದವರು ಹಗ್ಗ ಕಟ್ಟಿ ಮೇಲೆತ್ತಿದರು. ಗೋಣಿಕೊಪ್ಪಲಿನ ಆಸ್ಪತ್ರೆಯಲ್ಲಿ ತೊಡೆಗೆ ರಾಡು ಹಾಕಿದರು.

ಆಸ್ಪತ್ರೆಗೆ ರಿಸಾರ್ಟಿನ ಮ್ಯಾನೇಜರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಹಣ್ಣಿನ ಬುಟ್ಟಿ, ಕೆಟ್ಟವನೇನೂ ಅಲ್ಲ. ಕೆಟ್ಟವನಾಗಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು.

“ಅಮ್ಮ, ಅಲ್ಲಿ ಬೋರ್ಡ್ ಹಾಕಿದ್ದೀವಿ. ಗೈಡ್ ಇಲ್ಲದೆ ಹೋಗಬಾರದು ಅಂತ. ನೀವು ಬೋರ್ಡ್ ನೋಡಲಿಲ್ವಾ?”

ದೇಚಕ್ಕ ಸೂರು ನೋಡುತ್ತಾ ಹೇಳಿದಳು. “ಬೋರ್ಡ್ ನೋಡಿದೆ. ಸೊಪ್ಪು ಇರ್ಲಿಲ್ಲ.”

ಅವನಿಗೆ ಅರ್ಥವಾಗಲಿಲ್ಲ. ನೋವಿಗೆ ಕೊಟ್ಟ ಮದ್ದಿನಲ್ಲಿ ಏನೋ ಹೇಳುತ್ತಿದ್ದಾಳೆ ಎಂಬಂತೆ ನನ್ನ ಕಡೆ ನೋಡಿದ. ಆಗ ಈ ಟೀಚರಮ್ಮ ಸುಮ್ಮನಿರಬೇಕಿತ್ತು. ಇದ್ದೆನೇ? ಅವನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ನನ್ನ ಛತ್ರಿಯನ್ನೇ ಕೊಂಬೆ ಮಾಡಿಕೊಂಡು, ಉದ್ದ ಇಟ್ಟರೆ ಹೀಗೆ, ಅಡ್ಡ ಇಟ್ಟರೆ ಹಾಗೆ ಎಂದು ಪಾಠ ಮಾಡಿದೆ. ನೀವು ಗುಡಿಸಿದ್ದು ಕಸ ಅಲ್ಲ, ಒಂದು ಜೀವ ಉಳಿಸುವ ಮಾತು ಎಂದೆ. ಪಕ್ಕದಲ್ಲಿದ್ದ ರೋಗಿಗಳ ಕಡೆಯವರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ. ಅವನು ಕಣ್ಣರಳಿಸಿ ಕೇಳಿದ. ಕೊನೆಗೆ, “ಎಂಥ ಬ್ಯೂಟಿಫುಲ್ ಸಂಪ್ರದಾಯ ಮೇಡಂ! ಇದು ನಮಗೆ ಗೊತ್ತೇ ಇರಲಿಲ್ಲ” ಎಂದ. ಅರ್ಥವಾಯಿತಲ್ಲ ಎಂದು ನಾನು ಖುಷಿಯಲ್ಲಿ ಮನೆಗೆ ಬಂದೆ. ಎಷ್ಟು ದಡ್ಡಿ ನೋಡಿ ನಾನು.

ಟ್ರೇಲ್ ಮುಚ್ಚಿತು. ದೇಚಕ್ಕ ಹಾಸಿಗೆ ಹಿಡಿದಳು, ಆಮೇಲೆ ವಾಕರ್ ಹಿಡಿದಳು, ಆಮೇಲೆ ಕೋಲು. ನಡುವೆ ಒಮ್ಮೆ ಬಾಡಿಗೆ ಜೀಪು ಮಾಡಿ ತಂಗಿಯ ಮನೆಗೆ ಹೋಗಿಬಂದೆವು. ದಾರಿಯುದ್ದ ದೇಚಕ್ಕ ವಾಂತಿ ಮಾಡಿಕೊಂಡಳು. ಅಲ್ಲಿ ಮುಟ್ಟಿ ಕೂರುವಷ್ಟರಲ್ಲಿ ಕೆಳಗಿನಿಂದ ಜೀಪಿನವನು ಹಾರ್ನ್ ಹೊಡೆಯಲು ಶುರು ಮಾಡಿದ. ತಂಗಿಯ ತಲೆಗೆ ಎಣ್ಣೆ ಹಾಕಿದ್ದಾಯಿತು, ಬಾಚಲು ಹೊತ್ತು ಸಾಲಲಿಲ್ಲ. ವಾಪಸು ಬಂದು ಮನೆ ಮುಂದೆ ಇಳಿದ ಮೇಲೆ ದೇಚಕ್ಕ, “ಇದು ನೆಂಟರು ಹೋಗೋ ಹಾಗೆ ಆಯ್ತು ಟೀಚರೇ. ನಂಗೆ ಬೇಡ. ಕಾಲು ಸರಿಯಾಗ್ಲಿ, ನಡ್ಕೊಂಡೇ ಹೋಗ್ತೇನೆ” ಎಂದಳು. ಡಾಕ್ಟರು ಹೇಳಿದ ವ್ಯಾಯಾಮವನ್ನು ಹಲ್ಲು ಕಚ್ಚಿ ಮಾಡಿದ್ದು ಅದೊಂದೇ ಆಸೆಗೆ. ಅಂಗಳದಲ್ಲಿ ಕಾಫಿ ಒಣಹಾಕಿದ ಜಾಗದ ಸುತ್ತ ಕೋಲೂರಿ ಸುತ್ತು ಹಾಕುವಾಗ ನಾನು ಎಣಿಸುತ್ತಾ ಕೂರಬೇಕು. ಎಣಿಕೆ ತಪ್ಪಿದರೆ ನನಗೆ ಬೈಗುಳ.

ಈ ವರ್ಷ ಮಳೆ ಬಿಟ್ಟಿತು, ಟ್ರೇಲ್ ಮತ್ತೆ ತೆರೆಯಿತು. ಆಗ ನೋಡಿ ನಾನು ಕಲಿಸಿದ ಪಾಠದ ಫಲ. ಗೇಟಿನ ಹತ್ತಿರ ಬಿದಿರಿನ ಬುಟ್ಟಿ, ಬುಟ್ಟಿಯ ತುಂಬ ರಿಸಾರ್ಟಿನ ತೋಟದಿಂದ ಕತ್ತರಿಸಿ ತಂದ ಬಣ್ಣಬಣ್ಣದ ಕ್ರೋಟನ್ ಎಲೆ, ಒಂದೊಂದಕ್ಕೂ ಕೆಂಪು ದಾರ. ಬೋರ್ಡಿನಲ್ಲಿ ವನದೇವತೆಯ ಚಿತ್ರ. ಬಂದವರೆಲ್ಲ ಒಂದು ಎಲೆ ತೆಗೆದುಕೊಂಡು ಹೋಗಿ ಕಲ್ಲಿನ ಮೇಲಿಟ್ಟು, ಕಣ್ಣು ಮುಚ್ಚಿ ಏನಾದರೂ ಬೇಡಿಕೊಂಡು, ಫೋಟೋ ತೆಗೆಸಿಕೊಳ್ಳಬೇಕು. ಮೊದಲು ನಮ್ಮ ಮಾತನ್ನು ಗುಡಿಸಿ ಎಸೆದರು. ಈಗ ಅದನ್ನೇ ಬುಟ್ಟಿ ಬುಟ್ಟಿ ತಂದು ಸುರಿಯುತ್ತಿದ್ದಾರೆ. ಯಾವುದು ಹೆಚ್ಚು ಕೆಟ್ಟದ್ದು, ನೀವೇ ಹೇಳಿ. ಕುಂಕುಮದ ಭರಣಿ ಹಿಡಿದು ಹೋದ ಪೆದ್ದಿಯೂ ಈ ಊರಿನಲ್ಲಿ ಇದ್ದಳು, ನಿಜ. ಅವಳಿಗೆ ನಗುತ್ತಾ ತಿದ್ದಿ ಹೇಳಿದರೆ ಅರ್ಥವಾಯಿತು. ಇವರಿಗೆ ತಿದ್ದಿ ಹೇಳಿದರೆ ಹೊಸ ಪ್ಯಾಕೇಜ್ ಆಗುತ್ತದೆ.

ಕಳೆದ ಭಾನುವಾರ ದೇಚಕ್ಕ ಬಂದು ನನ್ನ ಬಾಗಿಲಲ್ಲಿ ನಿಂತಳು. ಒಗೆದ ಸೀರೆ, ಕೈಯಲ್ಲಿ ಕೋಲು, ಚೀಲದಲ್ಲಿ ಎಣ್ಣೆಯ ಸೀಸೆ. “ಹೊರಡಿ” ಎಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಗೇಟಿನಲ್ಲಿದ್ದವನು ಅಸ್ಸಾಮಿನ ಕಡೆಯವನು, ಹೊಸಬ. “ಪಾಸ್?” ಎಂದು ಕೈ ಚಾಚಿದ. ದೇಚಕ್ಕ ಸೀರೆಯನ್ನು ಮಂಡಿಯ ಮೇಲೆ ಎತ್ತಿ, ತೊಡೆಗೆ ಏರಿದ ಹೊಲಿಗೆಯ ಗುರುತು ತೋರಿಸಿ, “ಇದು” ಎಂದಳು. ಅವನು ತಲೆ ತಗ್ಗಿಸಿ ಗೇಟು ತೆಗೆದ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಒಂದು ಮರಕ್ಕೊಮ್ಮೆ ಒರಗಿ, ಬೆವರಿ, ಬೈದು, ಹತ್ತಿದೆವು. ಮಳೆ ತೊಳೆದ ದಾರಿಯಲ್ಲಿ ಕಾಗೆಬಂಗಾರದ ಚೂರುಗಳು ಹೊಳೆಯುತ್ತಿದ್ದವು. ಹಿಂದೆ ಅದನ್ನು ಆರಿಸಿ ಮಕ್ಕಳಿಗೆ ಕೊಡುತ್ತಿದ್ದೆ, ಅವತ್ತು ಮುಟ್ಟುವ ಮನಸ್ಸಾಗಲಿಲ್ಲ.

ನಡುವಿನ ಕಲ್ಲಿನ ಹತ್ತಿರ ಹತ್ತು ಹನ್ನೆರಡು ಜನ ಗೆಸ್ಟುಗಳು ನಿಂತಿದ್ದರು. ಕಲ್ಲೇ ಕಾಣುತ್ತಿರಲಿಲ್ಲ, ಅಷ್ಟು ಎಲೆ. ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ, ತಲೆಕೆಳಗಾಗಿ, ನಿನ್ನೆಯದರ ಮೇಲೆ ಇವತ್ತಿನದು. ಒಬ್ಬಳು ಹುಡುಗಿ ನಗುನಗುತ್ತಾ, “ಆಂಟಿ, ನೀವೂ ಒಂದು ಇಡಿ, ವಿಶ್ ಮಾಡಿ” ಎಂದು ದೇಚಕ್ಕನ ಕೈಗೆ ಕೆಂಪು ದಾರದ ಎಲೆ ಕೊಟ್ಟಳು. ದೇಚಕ್ಕ ಅದನ್ನು ಹಿಡಿದುಕೊಂಡೇ ನಿಂತಳು. ಕಲ್ಲಿನ ಆಚೆ ಹಗ್ಗ ಕಟ್ಟಿತ್ತು.

“ಮುಂದೆ ಹೇಗಿದೆಯಪ್ಪ ದಾರಿ?” ಎಂದು ಗೈಡನ್ನು ಕೇಳಿದೆ.

“ಗೊತ್ತಿಲ್ಲ ಮೇಡಂ. ನಮ್ಮ ಗೆಸ್ಟ್ ಇಲ್ಲಿಂದಾನೇ ವಾಪಸ್. ಆ ಕಡೆ ತುದಿಗೆ ಜೀಪಲ್ಲಿ ಕರ್ಕೊಂಡು ಹೋಗ್ತೀವಿ, ಸನ್‌ಸೆಟ್ ಪಾಯಿಂಟ್‌ಗೆ. ಅಲ್ಲಿ ಮನೆಗಳ ಮೇಲ್ಗಡೆ ಕೊನೇ ಕಲ್ಲಿದೆ, ಅಲ್ಲೂ ಎಲೆ ಇಡಿಸ್ತೀವಿ. ನಡುವಿನ ದಾರಿ ಈ ವರ್ಷ ಯಾರೂ ನಡೆದಿಲ್ಲ.”

ಗುಂಪು ಇಳಿದು ಹೋಯಿತು. ದೇಚಕ್ಕ ಕೈಯಲ್ಲಿದ್ದ ಎಲೆಯನ್ನು ಕೆಳಗೆ ಹಾಕಿ, ಕೋಲಿನಿಂದ ಕಲ್ಲಿನ ಮೇಲಿದ್ದ ಎಲೆಗಳನ್ನು ಒಂದೊಂದಾಗಿ ಸರಿಸಿದಳು. ತಳದಲ್ಲೇನಾದರೂ ಊರಿನವರ ಸೊಪ್ಪು ಇದೆಯೇ ಎಂದು ಹುಡುಕುತ್ತಿದ್ದಳು. ಕ್ರೋಟನ್ನಿನ ಕೆಳಗೆ ಕ್ರೋಟನ್ನು. ಆಮೇಲೆ ಕಲ್ಲು. ಹಗ್ಗದ ಆಚೆ ಬಗ್ಗಿ ಕೋಲು ಕುಟ್ಟಿದಳು, ಒಂದು ಕಾಲಿನ ಮೇಲೆ ನಿಂತು ಕುಟ್ಟಲು ಆಗದೆ ವಾಲಿದಳು. ಹಿಡಿದುಕೊಂಡೆ. ಇಷ್ಟು ವರ್ಷದಲ್ಲಿ ದೇಚಕ್ಕ ನನಗೆ ಹೇಳಿದ್ದೇ ಹೊರತು ಯಾವುದನ್ನೂ ಕೇಳಿದವಳಲ್ಲ. ಅವತ್ತು ನನ್ನ ಮುಖ ನೋಡಿ ಸಣ್ಣ ದನಿಯಲ್ಲಿ ಕೇಳಿದಳು:

“ಹೋಗ್ಬೋದಾ ಟೀಚರೇ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಇಬ್ಬರೂ ತಿರುಗಿ ಇಳಿದೆವು.

ಮಾರನೇ ದಿನ ಮ್ಯಾನೇಜರನ ಆಫೀಸಿಗೆ ಹೋದೆ. ಬಾಯಿಗೆ ಬಂದಂತೆ ಬೈದೆ, ಸುಳ್ಳಲ್ಲ. ಆ ಎಲೆಗಳನ್ನು ತೆಗೆಸು, ಇಲ್ಲದಿದ್ದರೆ ನಾನೇ ಬೆಂಕಿ ಹಾಕುತ್ತೇನೆ ಎಂದೆ. ಅವನು ನೀರು ಕೊಟ್ಟ, ಕೂರಿಸಿದ, “ಮೇಡಂ, ನಿಮ್ಮ ಸಂಪ್ರದಾಯಕ್ಕೇ ಅಲ್ವಾ ನಾವು ಗೌರವ ಕೊಡ್ತಾ ಇರೋದು?” ಎಂದ. ನಿಜವಾಗಿಯೂ ನೊಂದುಕೊಂಡು ಕೇಳಿದ. ಪಂಚಾಯ್ತಿಗೂ ಹೋದೆ. ನೋಡೋಣ ಎಂದರು. ನೋಡೋಣ ಅಂದರೆ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ನಾಳೆ ಮತ್ತೆ ಹೋಗುತ್ತೇನೆ, ನಾಡಿದ್ದೂ ಹೋಗುತ್ತೇನೆ.

ಇವತ್ತು ಮತ್ತೆ ಭಾನುವಾರ. ಗೋಡೆಗೆ ಹಾರಿದ ಹಿಟ್ಟು ಒರೆಸಿ, ಸೀದುಹೋದ ದೋಸೆಯನ್ನು ಎಸೆದು, ಎರಡು ಲೋಟ ಕಾಫಿ ಮಾಡಿದೆ. ಒಂದು ದೇಚಕ್ಕನಿಗೆ. ಬೆಳಿಗ್ಗೆಯೇ ಬಂದು ನನ್ನ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಾಳೆ. ಮಿಷನ್ನಿನ ಸದ್ದು ಬರುವ ಕಡೆಗೆ ಬೆನ್ನು ಹಾಕಿ ಕೂತಿದ್ದಾಳೆ.

ಆಗ ನನಗೆ ಫೋನು ಬಂತು. ಬೊಳ್ಳಮ್ಮನ ಸೊಸೆ. ದೇಚಕ್ಕನಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದೆ.

“ಟೀಚರೇ, ದೊಡ್ಡತ್ತೆ ಹೊರಟಿದ್ದಾರಾ? ಅತ್ತೆ ಬೆಳಿಗ್ಗೆ ಮನೆ ಮೇಲಿನ ಕಲ್ಲಿನ ಹತ್ರ ಹೋಗಿ ಬಂದ್ರು. ಆಗ್ಲಿಂದ ಒಂದೇ ಸಮ ಕುಣೀತಿದ್ದಾರೆ. ಅನ್ನಕ್ಕೆ ಇಟ್ಟು, ಕೂದಲು ಬಿಚ್ಕೊಂಡು ಬಾಗಿಲಲ್ಲಿ ಕೂತಿದ್ದಾರೆ. ಹೋದ ವಾರಾನೂ ಹೀಗೇ, ಕತ್ತಲಾಗೋವರೆಗೆ ಕೂತಿದ್ರು, ಊಟ ಮಾಡ್ಲಿಲ್ಲ.”

ದೇಚಕ್ಕ ಕಾಫಿ ಲೋಟವನ್ನು ಕೆಳಗಿಟ್ಟಳು. ಹೇಳು ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು.

“ಬರಲ್ಲಮ್ಮ” ಎಂದೆ. “ದಾರಿ ಇಲ್ಲ. ಅಕ್ಕ ಬರಲ್ಲ ಅಂತ ಅವರಿಗೆ ಹೇಳು. ಊಟ ಮಾಡಿಸು.”

“ಹೇಳ್ದೆ ಟೀಚರೇ. ಕೈಸನ್ನೆ ಮಾಡಿ ಹೇಳ್ದೆ, ಸ್ಲೇಟಲ್ಲಿ ಬರೆದು ತೋರಿಸ್ದೆ. ಒಪ್ಬೇಕಲ್ಲ. ನಂಗೇ ಬೈತಾರೆ. ‘ಸುಳ್ಳು ಹೇಳ್ಬೇಡ, ಸೊಪ್ಪು ಉಂಟಲ್ಲ’ ಅಂತಾರೆ.”